ಜಗದೇವಕ್ಕನಿಲ್ಲದ ಪೋಲೆಂಡ್

ಭಾಲ್ಕಿ

ಪರದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಥೆ ಹೇಳುತ್ತಾರೆ. ನಾನು ಭಾಲ್ಕಿಯಿಂದ ಶುರು ಮಾಡುತ್ತೇನೆ. ಪೋಲೆಂಡಿನ ಸುದ್ದಿ ಕೇಳಲು ಕೂತವರಿಗೆ ಬೇಸರವಾಗಬಹುದು. ಆದರೆ ಭಾಲ್ಕಿಯ ಆ ಸಂಜೆ ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ.

ನಮ್ಮ ರಾಕ್ ಬ್ಯಾಂಡಿನ ಹೆಸರು ‘ಖಾಲಿ ಕೊಡ’. ಅದು ಹುಟ್ಟಿದ್ದು ಬೀದರಿನ ಮೈಲೂರಿನಲ್ಲಿ, ನಮ್ಮ ಓಣಿಯ ಸಂತೋಷನ ಮನೆಯ ಮಾಳಿಗೆಯ ಮೇಲೆ. ಗಿಟಾರು ಅವನದು, ಡ್ರಮ್ಮು ಹಳೇ ಊರಿನ ಇಮ್ರಾನನದು. ಬರ ಬಿದ್ದ ವರ್ಷ. ಕೆಳಗೆ ಟ್ಯಾಂಕರಿನ ಮುಂದೆ ಹೆಣ್ಣುಮಕ್ಕಳು ಕೊಡ ಸಾಲಾಗಿ ಇಟ್ಟು ಕಿತ್ತಾಡುತ್ತಿದ್ದಾಗ ಮೇಲೆ ಇವರಿಬ್ಬರು ಬ್ಯಾಂಡಿಗೆ ಹೆಸರು ಹುಡುಕುತ್ತಿದ್ದರಂತೆ. ನಮ್ಮವ್ವ ಆ ಹೆಸರು ಕೇಳಿ ಹಣೆ ಹಣೆ ಬಡಿದುಕೊಂಡಳು. ಹೊರಟಾಗ ಖಾಲಿ ಕೊಡ ಎದುರು ಬಂದರೆ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಕೂಡುವ ಮಂದಿ ನಮ್ಮವರು. ಬೌದ್ಧರಾದ ಮೇಲೆ ಶಕುನ ಬಿಟ್ಟೆವು ಎಂದು ಹೇಳಿಕೊಳ್ಳುತ್ತೇವೆ, ಅವ್ವ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ.

ನಾನು ಸರ್ಕಾರಿ ಶಾಲೆಯ ಟೀಚರು, ಹಳ್ಳಿಯವರ ಬಾಯಲ್ಲಿ ‘ಬಾಯಾರು’, ಹೆಸರು ಸುಜಾತಾ. ನಲವತ್ತು ದಾಟಿದ ಹೆಂಗಸು ಈ ಹುಡುಗರ ಕೈಗೆ ಹೇಗೆ ಸಿಕ್ಕೆ ಅಂದರೆ ಅದಕ್ಕೆ ಕಾರಣ ಜಗದೇವಕ್ಕ. ಔರಾದ ಹತ್ತಿರದ ಹಳ್ಳಿಯಲ್ಲಿ ನನಗೆ ಮೊದಲ ನೌಕರಿ ಸಿಕ್ಕಾಗ ಆಕೆಯ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಅವರದು ಕುರಿ ಸಾಕುವ ಮನೆ. ಆ ಕಡೆ ಮದುವೆಯ ಅರಿಶಿಣವನ್ನು ಈಗಲೂ ಬೀಸುವ ಕಲ್ಲಿನಲ್ಲೇ ಬೀಸಬೇಕು. ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಕಲ್ಲು ತಿರುವುತ್ತಾರೆ. ಒಬ್ಬಳು ಹಾಡು ಎತ್ತುತ್ತಾಳೆ, ಇನ್ನೊಬ್ಬಳು ಅವಳ ಸಾಲಿನ ತುದಿ ಹಿಡಿದು ಹಾಡುತ್ತಾಳೆ. ಒಂದು ಮದುವೆಯಲ್ಲಿ ಜಗದೇವಕ್ಕ ನನ್ನನ್ನು ಎದುರಿಗೆ ಕೂಡಿಸಿಕೊಂಡಳು. ನಾನು ಯಾವ ಓಣಿಯವಳೆಂದು ಗೊತ್ತಿದ್ದ ಕೆಲವರು ಮುಖ ಸಿಂಡರಿಸಿದರು. ಇನ್ನು ಕೆಲವರು ಆ ಅರಿಶಿಣ ಬೇಡವೆಂದು ಎದ್ದೇ ಹೋದರು. ಆಕೆ ಗೂಟ ಬಿಡಲಿಲ್ಲ. ‘ನನಗ ಈಕಿ ದನಿ ಬೇಕು’ ಎಂದಷ್ಟೇ ಹೇಳಿ ಹಾಡು ಎತ್ತಿದಳು. ಅಂದಿನಿಂದ ಎತ್ತುವವಳು ಆಕೆ, ಹಿಡಿಯುವವಳು ನಾನು.

ಈ ಜೋಡಿ ದನಿಯನ್ನು ಸಂತೋಷ ಕೇಳಿ ಗಿಟಾರಿಗೆ ಕೂಡಿಸಿದ. ಎರಡು ವರ್ಷ ಹಿಂಜಿ ಹಿಂಜಿ ‘ಕೀಲಿ’ ಎಂಬ ಆಲ್ಬಮ್ ಮಾಡಿದೆವು. ಮುಖ್ಯ ಹಾಡು ಜಗದೇವಕ್ಕ ತಾನೇ ಕಟ್ಟಿದ್ದು:

ಬಾಗಿಲಿಗಿ ಕೀಲೀಯ ಹಾಕ್ಯಾಳ ನಮ್ಮವ್ವ
ಬೇವೀನ ಮರಕ ಹೇಳ್ಯಾಳ – ತಂಗೆವ್ವ
ಬಂದವರಿಗಿ ನೆರಳ ಕೊಡು ಅಂತ

ಆಲ್ಬಮ್ಮಿನ ಮೊದಲ ಕಾರ್ಯಕ್ರಮ ಭಾಲ್ಕಿಯ ಒಂದು ಬಯಲಿನಲ್ಲಿ. ನನ್ನ ಅತ್ತೆಯ ಊರು ಕಮಠಾಣದಿಂದ ಬೀಸುವ ಕಲ್ಲು ತರಿಸಿದ್ದೆವು. ಜಗದೇವಕ್ಕ ಕಲ್ಲಿನ ಮುಂದೆ ಒಂದು ಎಣ್ಣೆ ದೀಪ ಹಚ್ಚಿ, ಹಿಡಿ ಜೋಳ ಸುರಿದು ಕೂತಳು. ಗಿಟಾರು ಕಿರುಚಿದಾಗ ಮುಂದೆ ಕೂತ ಹಿರಿಯರು ಕಿವಿ ಮುಚ್ಚಿಕೊಂಡರು. ಆಕೆ ದನಿ ಎತ್ತಿದಾಗ ಕೈ ತೆಗೆದರು. ರೈಲಿಗೆಂದು ಗಂಟುಮೂಟೆ ಹೊತ್ತು ಸ್ಟೇಷನ್ನಿನ ಕಡೆ ಹೊರಟಿದ್ದ ಎರಡು ಕುಟುಂಬ ಗೋಡೆಯ ಆಚೆ ನಿಂತು ಪೂರ್ತಿ ಕೇಳಿ ಹೋದವು. ಅವರೂ ಮನೆಗೆ ಕೀಲಿ ಹಾಕಿ ಬಂದವರೇ.

ಆ ಹಾಡಿನ ವಿಡಿಯೋ ಅಲೆದಾಡಿ ಪೋಲೆಂಡಿನ ಒಂದು ಸಂಗೀತ ಸಂಘದವರ ಕಣ್ಣಿಗೆ ಬಿತ್ತು. ಅಕ್ಟೋಬರಿನ ಕೊನೆಗೆ ಬನ್ನಿ, ಮೂರು ಊರುಗಳಲ್ಲಿ ಹಾಡಿ ಎಂದು ಕರೆದರು. ಜಗದೇವಕ್ಕ ಎಂದೂ ಬೀದರ ದಾಟಿ ಹಾಡಿದವಳಲ್ಲ. ಸುದ್ದಿ ಕೇಳಿ ಹೊಸ ಸೀರೆಗೆ ಫಾಲ್ ಹಚ್ಚಿಸಿಟ್ಟಳು. ಆ ವರ್ಷ ಮುಂಗಾರು ಬರಲೇ ಇಲ್ಲ. ಮೇವಿಲ್ಲದೆ ಕುರಿ ಹೋದವು. ಗಂಡ ಹೆಂಡತಿ ಮನೆಗೆ ಕೀಲಿ ಹಾಕಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಪಾಸ್‌ಪೋರ್ಟಿನ ತಪಾಸಣೆಗೆ ಪೊಲೀಸಿನವರು ಬಂದಾಗ ಬಾಗಿಲಲ್ಲಿ ಬೇವಿನ ಮರ ಬಿಟ್ಟರೆ ಯಾರೂ ಇರಲಿಲ್ಲ. ಅರ್ಜಿ ವಾಪಸು ಹೋಯಿತು. ಮತ್ತೆ ಹಾಕಿ ಮುಗಿಸಲು ಇನ್ನೊಂದು ತಿಂಗಳಾದರೂ ಬೇಕು ಎಂದರು. ತಾರೀಖು ಗೊತ್ತಾಗಿವೆ, ಬಿಟ್ಟರೆ ಅವಕಾಶವೇ ಹೋಗುತ್ತದೆ ಎಂದು ಸಂತೋಷ ಹೇಳಿದ. ಅವನ ಮಾತು ನಂಬಿ ನಾವು ಹೊರಟೆವು.

ಮಿಯಾಪುರ

ವಿಮಾನ ಹೈದರಾಬಾದಿನಿಂದ. ಆಕೆ ಕೆಲಸ ಮಾಡುತ್ತಿದ್ದ ಊರಿನ ಮೂಲಕವೇ ನಾವು ಹೋಗಬೇಕಿತ್ತು. ಮಿಯಾಪುರದ ರಸ್ತೆಯ ಬದಿಗೆ ಜೀಪು ನಿಲ್ಲಿಸಿದೆವು. ಜಗದೇವಕ್ಕ ತಲೆಗೆ ಸಿಂಬಿ ಇಟ್ಟುಕೊಂಡೇ ಓಡಿ ಬಂದಳು. ಹುಬ್ಬಿನ ಮೇಲೆಲ್ಲ ಸಿಮೆಂಟು. ನಮಗೆ ದಾರಿಗೆಂದು ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತಂದಿದ್ದಳು. ಅದರ ಮೇಲೊಂದು ಕರಿ ಕಂಬಳಿ, ಅವರದೇ ಕುರಿಯ ಉಣ್ಣೆಯದು. ಅಲ್ಲಿ ಥಂಡಿ ಬಹಳವಂತೆ, ಹೊದ್ದುಕೊಳ್ಳಿರಿ ಎಂದಳು.

ನಾನು ಏನೋ ಸಮಾಧಾನ ಹೇಳಲು ಬಾಯಿ ತೆಗೆದೆ. ಆಕೆಯೇ ನನಗೆ ಸಮಾಧಾನ ಹೇಳಿದಳು.

‘ಹೋಗಿ ಬರ್ರಿ ಬಾಯಾರ. ಅಷ್ಟ ದೊಡ್ಡ ಮಂದಿ ನನ್ನೊಬ್ಬಾಕಿ ಸಲುವಾಗಿ ಕೂಡ್ತಾರೇನ್ರಿ?’

ಮೇಸ್ತ್ರಿ ಕೂಗಿದ. ಆಕೆ ಹೋದಳು. ನಾವು ವಿಮಾನ ನಿಲ್ದಾಣದ ಕಡೆ ಹೊರಟೆವು.

ವಾರ್ಸಾ

ಬೀಸುವ ಕಲ್ಲನ್ನು ವಿಮಾನದಲ್ಲಿ ಒಯ್ಯುವ ಹುಚ್ಚು ಸಂತೋಷನದು. ಬೀಸುವಾಗ ಬರುವ ಆ ಗರಗರ ಸದ್ದು ಲ್ಯಾಪ್‌ಟಾಪಿನಲ್ಲಿ ಸಿಗುವುದಿಲ್ಲವಂತೆ. ವಾರ್ಸಾ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ಯಂತ್ರದೊಳಗೆ ಹೋದದ್ದೇ ತಡ, ಮೂವರು ಅಧಿಕಾರಿಗಳು ಓಡಿ ಬಂದರು. ತೂತುಳ್ಳ ಎರಡು ಗುಂಡು ಕಲ್ಲು, ಒಂದು ಕಟ್ಟಿಗೆ ಗೂಟ. ಇದೇನು ಎಂದು ಕೇಳಿದರು. ಸಂಗೀತ ವಾದ್ಯ ಎಂದು ಸಂತೋಷ ಹೇಳಿದ. ಅವರ ಮುಖ ಇನ್ನಷ್ಟು ಬಿಗಿಯಾಯಿತು. ನನಗೆ ರೇಗಿತು. ಅಲ್ಲೇ ನೆಲದ ಮೇಲೆ ಕೂತು, ಕಲ್ಲಿನ ಮೇಲೆ ಕಲ್ಲಿಟ್ಟು ತಿರುವಿ ತೋರಿಸಿದೆ. ಅವರಲ್ಲಿ ಒಬ್ಬ ಹೆಂಗಸು, ಹಿರಿಯಳು, ನಗುತ್ತಾ ಬಗ್ಗಿ ತಾನೂ ಒಂದು ಸುತ್ತು ತಿರುವಿದಳು. ಅವಳ ಅಜ್ಜಿಯ ಮನೆಯಲ್ಲಿ ಇಂಥದೇ ಇತ್ತಂತೆ. ಕಲ್ಲು ಪಾರಾಯಿತು.

ನಮಗೆ ಜೊತೆಗಾತಿಯಾಗಿ ಮಾಗ್ದಾ ಎಂಬ ತರುಣಿ ಬಂದಿದ್ದಳು. ಇಂಗ್ಲಿಷ್ ಬಲ್ಲವಳು. ಸಭೆಯಲ್ಲಿ ನಮ್ಮ ಮಾತನ್ನು ಪೋಲಿಷಿಗೆ ತಿರುಗಿಸಿ ಹೇಳುವ ಕೆಲಸವೂ ಅವಳದೇ. ಮೊದಲ ದಿನ ಅವಳ ಮನೆಗೆ ಹೋದಾಗ ಬಾಗಿಲ ಹೊರಗೆ ನಿಂತು ಕೈ ಚಾಚಿದೆ. ಅವಳು ಗಾಬರಿಯಿಂದ ಹಿಂದೆ ಸರಿದಳು. ಹೊಸ್ತಿಲ ಮೇಲೆ ಕೈ ಕುಲುಕಿದರೆ ಜಗಳವಾಗುತ್ತದೆಯಂತೆ. ಒಳಗೆ ಹೋದ ಮೇಲೆ ನಾವು ಚಪ್ಪಲಿ ಬಿಟ್ಟೆವು, ಅವಳು ಬೇರೆ ಚಪ್ಪಲಿ ಕೊಟ್ಟಳು. ಮನೆಯೊಳಗೆ ತೊಡಲು ಅತಿಥಿಗಳಿಗೆಂದೇ ಒಂದು ಬುಟ್ಟಿ ತುಂಬ ಇಟ್ಟಿರುತ್ತಾರೆ. ಮನೆಯಿಂದ ಹೊರಟವರು ಏನೋ ಮರೆತು ವಾಪಸು ಒಳಗೆ ಬಂದರೆ ಒಂದು ಕ್ಷಣ ಕೂತೇ ಮತ್ತೆ ಹೊರಡಬೇಕು. ನಮ್ಮವ್ವ ಇಲ್ಲಿಗೆ ಬಂದರೆ ಭಾಷೆ ಬರದಿದ್ದರೂ ಈ ಮಂದಿಯ ಜೊತೆ ಸುಖವಾಗಿರುತ್ತಾಳೆ ಎನಿಸಿತು. ಬ್ಯಾಂಡಿನ ಹೆಸರಿನ ಅರ್ಥ ಕೇಳಿ ಮಾಗ್ದಾ ಕೂಡ ಮುಖ ಸಣ್ಣ ಮಾಡಿದಳು. ಖಾಲಿ ಬಕೀಟು ಹಿಡಿದ ಹೆಂಗಸು ಎದುರಾದರೆ ಅವರಲ್ಲೂ ಅಪಶಕುನವಂತೆ.

ಲೂಬ್ಲಿನ್

ಮೊದಲ ಕಾರ್ಯಕ್ರಮದ ದಿನ ನಾನು ಮರ್ಯಾದೆ ಕಳೆದುಕೊಂಡೆ. ಕಂಬಳಿ ಹಾಸಿ ಕಲ್ಲಿನ ಮುಂದೆ ಕೂತೆ. ಇಮ್ರಾನ್ ಮೆತ್ತಗೆ ತಾಳ ಹಿಡಿದ. ಗಿಟಾರು ನನಗೆ ದಾರಿ ಬಿಟ್ಟು ನಿಂತಿತು. ನಾನು ಕಲ್ಲು ತಿರುವುತ್ತಾ ಕಾದೆ. ಎಷ್ಟೋ ಹೊತ್ತಾದ ಮೇಲೆ ಹೊಳೆಯಿತು, ನಾನು ಕಾಯುತ್ತಿರುವುದು ಜಗದೇವಕ್ಕ ಎತ್ತಲಿ ಎಂದು. ಬೀದರಿನಲ್ಲಿ ನಾನೊಬ್ಬಳೇ ತಾಲೀಮು ಮಾಡಿದ್ದೆ, ಹಾಡು ಬಾಯಿಪಾಠವಿತ್ತು. ಆದರೂ ಕಲ್ಲಿನ ಮುಂದೆ ಕೂತಾಗ ಮೈಗೆ ಹತ್ತಿದ ರೂಢಿ ಗೆದ್ದಿತು. ಕೊನೆಗೆ ಎತ್ತಿದೆ, ಆಕೆಯ ಸಾಲನ್ನು ಕೀರಲು ದನಿಯಲ್ಲಿ ಮುಗಿಸಿದೆ. ಒಬ್ಬಳೇ ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಎದುರಿನವಳು ಎಳೆದುಕೊಂಡಾಗ ನಮ್ಮ ಕೈಗೆ ಅರ್ಧ ಸುತ್ತಿನ ಬಿಡುವು ಸಿಗುತ್ತದೆ ಎಂಬುದು ಅಂದೇ ಗೊತ್ತಾದದ್ದು.

ಭಾಲ್ಕಿಯಾಗಿದ್ದರೆ ಆ ಮೌನಕ್ಕೆ ಸಿಳ್ಳೆ ಬೀಳುತ್ತಿತ್ತು. ಇಲ್ಲಿಯ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮುಗಿದ ಮೇಲೆ ಒಬ್ಬ ಉದ್ದ ಕೂದಲಿನವನು ಬಂದು, ಹಾಡಿನ ಮೊದಲು ನೀವು ಇಟ್ಟ ಮೌನ ಅದ್ಭುತ ಎಂದು ನನ್ನ ಕೈ ಹಿಡಿದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು.

ಸಂತೋಷ ಅಂದೇ ಉಪಾಯ ತೆಗೆದ. ಆಲ್ಬಮ್ಮಿನ ಧ್ವನಿಮುದ್ರಣದಿಂದ ಜಗದೇವಕ್ಕನ ಸಾಲುಗಳನ್ನು ಲ್ಯಾಪ್‌ಟಾಪಿನಿಂದ ಬಿಡುವುದು, ನಾನು ಎಂದಿನಂತೆ ತುದಿ ಹಿಡಿಯುವುದು. ಎದುರಿಗೆ ಆಕೆಯ ಜಾಗದಲ್ಲಿ ಕಂಬಳಿ ಹಾಸಿ, ಭಾಲ್ಕಿಯಲ್ಲಿ ತೆಗೆದ ಫೋಟೋವನ್ನು ಇಲ್ಲೇ ದೊಡ್ಡದಾಗಿ ಮಾಡಿಸಿ ಇಡುವುದು. ಆಕೆಯ ಮುಖ ಕಂಡರೆ ನಿಮಗೆ ಧೈರ್ಯ ಬರುತ್ತದೆ ಎಂದ. ನನಗೂ ಹಿಡಿಸಿತು. ಬರದವಳಿಗೆ ಒಂದು ಜಾಗವಾದರೂ ಕೊಟ್ಟಂತಾಯಿತಲ್ಲ ಎಂದುಕೊಂಡೆ.

ರಾದೊಮ್

ಮುಂದಿನ ಊರಿಗೆ ಹೊರಡುವ ದಿನ ಅವರಿಗೇನೋ ಹಬ್ಬ. ಮಾಗ್ದಾ ರಜೆ ಹಾಕಿ ತಾಯಿಯ ಊರಿಗೆ ಹೋದಳು. ಕಾರ್ಯಕ್ರಮದ ಹೊತ್ತಿಗೆ ಬಂದು ಸೇರುತ್ತೇನೆ ಎಂದಿದ್ದಳು. ನಮ್ಮ ವ್ಯಾನಿನ ಚಾಲಕನಿಗೆ ಇಂಗ್ಲಿಷ್ ಬಾರದು, ಪೋಲಿಷಿನಲ್ಲೂ ಹೆಚ್ಚು ಮಾತಾಡುವವನಂತೆ ಕಾಣಲಿಲ್ಲ.

ಸಂಜೆ ಮಂಜು ಕವಿದಿತ್ತು. ರಸ್ತೆಯ ಬದಿಯ ಒಂದು ದಿಬ್ಬದ ತುಂಬ ದೀಪಗಳು. ನೂರಲ್ಲ, ಸಾವಿರ ಇರಬಹುದು. ಕೆಂಪು, ಹಳದಿ, ಹಸಿರು ಗಾಜಿನೊಳಗೆ ಮಿಣಿಮಿಣಿ ಉರಿಯುತ್ತಿದ್ದವು. ಮಕ್ಕಳು ಮರಿ ಕಟ್ಟಿಕೊಂಡು, ಒಳ್ಳೆಯ ಬಟ್ಟೆ ತೊಟ್ಟು, ಸೇವಂತಿಗೆ ಹೂವಿನ ಕುಂಡ ಹಿಡಿದು ಜನ ಹೋಗುತ್ತಿದ್ದರು. ನಮ್ಮೂರಲ್ಲೂ ಅದೇ ವಾರ ದೀಪಾವಳಿ. ಸೇವಂತಿಗೆ ಕಂಡ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಇಲ್ಲೂ ದೀಪಾವಳಿ ಇದೆ ನೋಡಿರೋ ಎಂದು ಹುಡುಗರಿಗೆ ತೋರಿಸಿದೆ. ಇಮ್ರಾನ್ ಗಾಜು ಇಳಿಸಿ ವಿಡಿಯೋ ತೆಗೆದ. ಚಾಲಕ ಮಾತ್ರ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಗಾಡಿ ನಡೆಸಿದ.

ಲೂಬ್ಲಿನ್ನಿನಲ್ಲಿ ಹಾಡು ಕೆಟ್ಟದ್ದಕ್ಕೆ ಕಲ್ಲಿನ ಮುಂದೆ ದೀಪ ಹಚ್ಚದೇ ಇದ್ದದ್ದೇ ಕಾರಣ ಎಂದು ನನ್ನ ಮನಸ್ಸಿಗೆ ಚುಚ್ಚುತ್ತಿತ್ತು. ಶಕುನ ಬಿಟ್ಟವಳು ನಾನು, ಆದರೂ. ಮರುದಿನ ರಾದೊಮಿನ ಅಂಗಡಿಯಲ್ಲಿ ಅದೇ ದೀಪಗಳನ್ನು ರಾಶಿ ಹಾಕಿದ್ದರು. ಕೆಂಪು ಗಾಜು, ಒಳಗೆ ಮೇಣ, ಮೇಲೆ ಬಂಗಾರ ಬಣ್ಣದ ಮುಚ್ಚಳ. ಗಾಳಿಗೆ ಆರುವುದಿಲ್ಲ, ಎಣ್ಣೆ ಚೆಲ್ಲುವುದಿಲ್ಲ. ಇಂಥ ದೀಪ ನಮ್ಮಲ್ಲಿ ಯಾಕೆ ಮಾಡುವುದಿಲ್ಲ ಎಂದು ಬೈದುಕೊಂಡೆ. ಇದ್ದುದರಲ್ಲೇ ಚೆಂದದ್ದನ್ನು ಆರಿಸಿ ತಂದು, ವೇದಿಕೆಯ ಮೇಲೆ ಕಲ್ಲಿನ ಆಚೆ, ಜಗದೇವಕ್ಕನ ಫೋಟೋದ ಮುಂದೆ ಹಚ್ಚಿಟ್ಟೆ.

ಮಾಗ್ದಾ ಓಡೋಡಿ ಬಂದಾಗ ಜನ ಆಗಲೇ ಕೂತಿದ್ದರು. ವೇದಿಕೆಯ ಬದಿಗೆ ಬಂದವಳು ಫೋಟೋ ನೋಡಿದಳು, ದೀಪ ನೋಡಿದಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಭುಜ ಒತ್ತಿ ಹಿಡಿದು ಮೈಕಿನ ಹತ್ತಿರ ಹೋದಳು. ಸಣ್ಣ ದನಿಯಲ್ಲಿ ಏನೋ ಹೇಳಿದಳು. ಸಭೆಯಲ್ಲಿ ಒಬ್ಬರು ಎದ್ದು ನಿಂತರು, ಆಮೇಲೆ ಇನ್ನೊಬ್ಬರು, ಆಮೇಲೆ ಎಲ್ಲರೂ. ತಲೆ ತಗ್ಗಿಸಿ ಸುಮ್ಮನೆ ನಿಂತರು. ನಮ್ಮ ಜಗದೇವಕ್ಕನಿಗೆ ಇಂಥ ಗೌರವ! ಸಂತೋಷ ಕೈ ಮುಗಿದ. ನನ್ನ ಕಣ್ಣು ತುಂಬಿ ಬಂತು. ಮಿಯಾಪುರದಲ್ಲಿ ಬುಟ್ಟಿ ಹೊತ್ತವಳು ಇದನ್ನೊಮ್ಮೆ ನೋಡಬೇಕಿತ್ತು ಎಂದುಕೊಂಡೆ. ಲ್ಯಾಪ್‌ಟಾಪಿನಿಂದ ಆಕೆಯ ದನಿ ಎದ್ದಾಗ ಸಭೆಯಲ್ಲಿ ಯಾರೋ ಬಿಕ್ಕಿದರು. ನನ್ನ ಜನ್ಮದಲ್ಲಿ ಹಾಗೆ ನಾನು ಹಾಡಿರಲಿಲ್ಲ.

ಹಾಡು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕೆಲವು ಹೆಂಗಸರು ಬಂದು ಕಂಬಳಿಯ ಅಂಚಿಗೆ ಹೂವಿಟ್ಟು ಹೋದರು. ಮಾಗ್ದಾ ನನ್ನನ್ನು ಅಪ್ಪಿಕೊಂಡು ಅಳುತ್ತಾ, ಯಾವಾಗ ತೀರಿಕೊಂಡರು ಎಂದು ಕೇಳಿದಳು.

ಯಾರು, ಎಂದೆ.

ಆಗ ಎಲ್ಲ ಬಯಲಾಯಿತು. ಆ ದಿಬ್ಬ ಸ್ಮಶಾನ. ಆ ಹಬ್ಬ ಸತ್ತವರದು. ಆ ದೀಪ ಗೋರಿಯ ಮುಂದೆ ಬಿಟ್ಟರೆ ಬೇರೆಲ್ಲೂ ಹಚ್ಚುವಂಥದಲ್ಲ. ತಾನು ಇಲ್ಲದ ದಿನಗಳಲ್ಲಿ ಊರಿಂದ ಸಾವಿನ ಸುದ್ದಿ ಬಂದಿದೆ ಎಂದು ಮಾಗ್ದಾ ತಿಳಿದಿದ್ದಳು. ದುಃಖದಲ್ಲಿರುವವರನ್ನು ಕೇಳುವುದು ಹೇಗೆ ಎಂದು ಕೇಳದೆಯೇ ಸಭೆಗೆ ಹೇಳಿಬಿಟ್ಟಿದ್ದಳು. ಇಮ್ರಾನನಿಗೆ ಮೊದಲು ನಗೆ ಬಂತು, ತಡೆಯಲಾಗದೆ ನಕ್ಕ. ಆಮೇಲೆ ಎರಡೂ ಕೆನ್ನೆ ಬಡಿದುಕೊಂಡು ತೌಬಾ ತೌಬಾ ಎಂದು ಮೂಲೆಗೆ ಹೋಗಿ ಕೂತ.

ಸಂತೋಷ ಮಾತ್ರ ಲೆಕ್ಕ ಹಾಕಿ ಮಾತಾಡಿದ. ಆದದ್ದು ಆಗಿದೆ, ಜನಕ್ಕೆ ಹಾಡು ಮುಟ್ಟಿದೆ, ಉಳಿದದ್ದು ಒಂದೇ ಊರು, ಹಾಗೇ ಬಿಟ್ಟುಬಿಡೋಣ ಎಂದ. ನನ್ನ ಸಿಟ್ಟು ನೆತ್ತಿಗೇರಿತು. ಶಾಲೆಯಲ್ಲೂ ನಾನು ಅಷ್ಟು ದನಿ ಎತ್ತಿದವಳಲ್ಲ.

‘ಜೀವಂತ ಇದ್ದಾಕಿಗಿ ತಿಥಿ ಮಾಡೇವಲ್ಲೋ. ಇದನ್ನ ತಗೊಂಡು ನಾ ಆಕಿ ಮುಂದ ಹ್ಯಾಂಗ ನಿಂದ್ರಲಿ?’

ಮುಂದಿನ ಊರಿನಲ್ಲಿ ಸತ್ಯ ಹೇಳಲೇಬೇಕು ಎಂದು ಮಾಗ್ದಾಳಿಗೆ ಹೇಳಿದೆ. ಅವಳು ಮುಖ ಒರೆಸಿಕೊಂಡು ಒಪ್ಪಿದಳು.

ವುಚ್

ಕೊನೆಯ ಊರು ವುಚ್. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಗಿರಣಿ ಮುಚ್ಚಿದ ಮೇಲೆ ಕೆಲಸದವರು ಜರ್ಮನಿ, ಇಂಗ್ಲೆಂಡು ಎಂದು ಚದುರಿ ಹೋದರಂತೆ. ಅಂಥ ಒಂದು ಕೆಂಪು ಇಟ್ಟಿಗೆಯ ಗಿರಣಿಯೇ ಈಗ ಸಭಾಂಗಣ. ಎಲ್ಲ ಊರಿಗೂ ಒಂದೊಂದು ಹೈದರಾಬಾದು ಇರುತ್ತದೆ ಎನಿಸಿತು.

ಅಲ್ಲಿ ಕೋಟು ಹಾಕಿಕೊಂಡು ಸಭೆಗೆ ಹೋಗುವಂತಿಲ್ಲ. ಬಾಗಿಲಲ್ಲೇ ಬಿಚ್ಚಿ ಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ನಾವು ಗುಡಿಯ ಮುಂದೆ ಚಪ್ಪಲಿ ಬಿಟ್ಟಂತೆ ಅವರು ಕೋಟು ಬಿಡುತ್ತಾರೆ. ನನ್ನ ಸ್ವೆಟರಿನ ಮೇಲಿನ ಜಾಕೀಟನ್ನೂ ಕಸಿದುಕೊಂಡರು. ಬರೀ ಸ್ವೆಟರಿನಲ್ಲಿ ಕಲ್ಲಿನ ಮುಂದೆ ಕೂತೆ. ಫೋಟೋ ಇತ್ತು, ದೀಪ ಇರಲಿಲ್ಲ.

ಮಾಗ್ದಾ ಇದ್ದದ್ದನ್ನು ಇದ್ದಂತೆ ಹೇಳಿದಳು. ಈ ಹಾಡು ಕಟ್ಟಿದವರು ಬದುಕಿದ್ದಾರೆ. ಅವರ ಊರಿನಲ್ಲಿ ಮಳೆಯಾಗಿಲ್ಲ. ದೊಡ್ಡ ಊರಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದಾರೆ. ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೂ ಎದ್ದು ನಿಲ್ಲಲಿಲ್ಲ. ಹಾಡು ಸುಮಾರಾಗಿ ಆಯಿತು, ಚಪ್ಪಾಳೆಯೂ ಅಷ್ಟೇ. ಸತ್ತವಳಿಗೆ ಸಿಕ್ಕಿದ್ದರಲ್ಲಿ ಕಾಲು ಭಾಗವೂ ಬದುಕಿದವಳಿಗೆ ಸಿಗಲಿಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಮುಗಿದ ಮೇಲೆ ಕೋಟು ಬಿಡಿಸಿಕೊಳ್ಳುವ ಸಾಲಿನಲ್ಲಿ ಒಬ್ಬ ಮುದುಕಿ ನನ್ನ ತೋಳು ಹಿಡಿದಳು. ಗಿರಣಿಯಲ್ಲೇ ದುಡಿದವಳಂತೆ, ಬೆರಳುಗಳು ಸೊಟ್ಟಗಾಗಿದ್ದವು. ಅವಳ ಪ್ರಶ್ನೆಯನ್ನು ಮಾಗ್ದಾ ತಡವರಿಸುತ್ತಾ ಹೇಳಿದಳು. ಆಕೆ ಬದುಕಿದ್ದರೆ ಇಲ್ಲಿಗೆ ಯಾಕೆ ಬರಲಿಲ್ಲ?

ನಾನು ಹೇಳತೊಡಗಿದೆ. ಬರ, ಕೀಲಿ ಹಾಕಿದ ಮನೆ, ತಪಾಸಣೆಗೆ ಬಂದ ಪೊಲೀಸು, ವಾಪಸು ಹೋದ ಅರ್ಜಿ. ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಎದುರಿನವರು ತಲೆಯಾಡಿಸಿ ಅಯ್ಯೋ ಪಾಪ ಅನ್ನುತ್ತಾರೆ. ಮುದುಕಿ ಪೂರ್ತಿ ಕೇಳಿದಳು. ಅದೆಲ್ಲ ಸರಿಯಾಗಲು ಎಷ್ಟು ದಿನ ಬೇಕಿತ್ತು ಎಂದಳು. ಒಂದು ತಿಂಗಳು ಎಂದೆ. ಹಾಗಾದರೆ ಒಂದು ತಿಂಗಳು ಬಿಟ್ಟು ಬರಬಹುದಿತ್ತಲ್ಲ ಎಂದು, ಟೊಪ್ಪಿಗೆ ಸರಿ ಮಾಡಿಕೊಂಡು ಹೋದಳು.

ನಮ್ಮನ್ನು ಕರೆಸಿದ ಸಂಘದ ಹಿರಿಯರು ಪಕ್ಕದಲ್ಲೇ ಇದ್ದರು. ಅವರಿಗೆ ಕೆಟ್ಟೆನಿಸಬಾರದೆಂದು, ತಾರೀಖು ಬದಲಿಸುವುದು ನಿಮ್ಮ ಕೈಯಲ್ಲಿ ಇರಲಿಲ್ಲ ಎಂದು ನಮಗೆ ಗೊತ್ತು, ನಮಗೇನೂ ಬೇಸರವಿಲ್ಲ ಎಂದೆ. ಆ ಮನುಷ್ಯ ನನ್ನನ್ನೇ ನೋಡಿದರು. ಹಾಗೆಂದು ಯಾರು ಹೇಳಿದರು ಎಂದು ಕೇಳಿದರು. ಬೇರೊಂದು ತಂಡದ ಗಾಯಕಿ ಬಸುರಿಯಾಗಿದ್ದಾಗ ಅವರು ಇಡೀ ಕಾರ್ಯಕ್ರಮವನ್ನು ವಸಂತಕ್ಕೆ ದೂಡಿದ್ದರಂತೆ. ನೀವು ಒಂದು ಮಾತು ಬರೆದಿದ್ದರೆ ಸಾಕಿತ್ತು, ನಮ್ಮನ್ನು ಯಾರೂ ಕೇಳಲೇ ಇಲ್ಲ ಎಂದರು. ಇನ್ನು ಮುಂದಿನ ವರ್ಷಗಳ ಪಾಳಿ ಬೇರೆ ದೇಶದವರದು, ಮತ್ತೆ ನಿಮ್ಮ ಕಡೆಯವರನ್ನು ಯಾವಾಗ ಕರೆಸುತ್ತೇವೋ ಹೇಳಲಾಗದು ಎಂದೂ ಅಂದರು. ಅವರ ಮುಖದಲ್ಲಿ ನಿಜವಾಗಿ ನೋವಿತ್ತು.

ನಾನು ಸಂತೋಷನ ಕಡೆ ತಿರುಗಿದೆ. ಪತ್ರ ವ್ಯವಹಾರವೆಲ್ಲ ಅವನದೇ. ಅವನು ನೆಲ ನೋಡುತ್ತಾ ನಿಂತಿದ್ದ.

‘ಕರದದ್ದೇ ದೊಡ್ಡ ಮಾತು ಅದ್ರಿ ಟೀಚರ್. ಅಂಥಾ ಮಂದಿಗಿ ತಾರೀಖ ಬದಲಿ ಮಾಡ್ರಿ ಅಂತ ಹ್ಯಾಂಗ ಕೇಳ್ಬೇಕು? ಬರೂದೇ ಬ್ಯಾಡ ಅಂದ್ರ ಏನ್ ಮಾಡ್ತಿದ್ದೇವ್ರಿ?’

ಅವನನ್ನು ಅಲ್ಲೇ ನಾಲ್ಕು ಬಾರಿಸಬೇಕು ಎನಿಸಿತು. ಆದರೆ ನಾನು ಬಲ್ಲೆ, ಅದು ಅವನೊಬ್ಬನ ಗುಣವಲ್ಲ. ಮದುವೆ ಊಟದಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೆ ಕೇಳದೆ ಉಂಡು, ಭಾಳ ಚಂದ ಆಗೇದ್ರಿ ಎಂದು ಎದ್ದು ಬರುವ ಮಂದಿ ನಾವು. ಆಮಂತ್ರಣ ಕೊಟ್ಟವರ ಮುಂದೆ ನಮ್ಮ ಕಷ್ಟ ಹೇಳುವುದೆಂದರೆ ಅವರಿಗೆ ಅವಮಾನ ಮಾಡಿದಂತೆ ಎಂದು ನಮಗೆ ಸಣ್ಣಂದಿನಿಂದ ಕಲಿಸಿದ್ದಾರೆ, ನಾನೂ ಮಕ್ಕಳಿಗೆ ಅದನ್ನೇ ಕಲಿಸಿದ್ದೇನೆ. ವಿಮಾನದಲ್ಲಿ ಸಂತೋಷ ನನ್ನ ಹತ್ತಿರ ಕೂಡಲಿಲ್ಲ. ಹೈದರಾಬಾದಿನಲ್ಲಿ ಇಳಿದಾಗ ಮಿಯಾಪುರದಲ್ಲಿ ಜೀಪು ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.

ಔರಾದ

ಬೀದರಿಗೆ ಬಂದ ಮೇಲೆ ಮಂದಿ ಸಾಲುಗಟ್ಟಿ ಬಂದು ಪೋಲೆಂಡಿನ ಕಥೆ ಕೇಳಿದರು. ಸ್ಮಶಾನದ ದೀಪದ ಪ್ರಸಂಗ ಹೇಳಿ ನಗಿಸಿದೆ. ನಗಿಸುವುದು ಸುಲಭವಾಗಿತ್ತು. ಕೋಟಿನ ಸಾಲಿನಲ್ಲಿ ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾದವಳು ಬೇರೆ ಇದ್ದಳು.

ಜಗದೇವಕ್ಕ ತಮ್ಮನ ಮಗಳ ಮದುವೆಗೆ ಹಳ್ಳಿಗೆ ಬಂದಳು. ಅರಿಶಿಣ ಬೀಸುವ ದಿನ ನಾನೂ ಹೋದೆ. ಸಿಮೆಂಟಿನ ಧೂಳಿಗೆ ಆಕೆಯ ಗಂಟಲು ಒಡೆದಿತ್ತು. ಎರಡನೇ ಹಾಡಿಗೇ ಕೆಮ್ಮು ಬಂದು ನಿಲ್ಲಿಸಿದಳು. ಉಳಿದ ಅರಿಶಿಣವನ್ನು ಹಾಡಿಲ್ಲದೆ ಬೀಸಿದೆವು.

ಮದುವೆ ಮುಗಿದ ಮರುದಿನ ಆಕೆ ಹೈದರಾಬಾದಿಗೆ ಹೊರಟಾಗ ಔರಾದ ಬಸ್‌ ನಿಲ್ದಾಣದವರೆಗೆ ಜೊತೆಗೆ ಹೋದೆ. ಬಸ್ಸಿಗಿನ್ನೂ ಹೊತ್ತಿತ್ತು. ಸುತ್ತಲೂ ಹಾಸಿಗೆ ಸುರುಳಿ, ಕೊಡ, ಪಾತ್ರೆ ಗಂಟು ಕಟ್ಟಿಕೊಂಡ ಮಂದಿ. ಕಟ್ಟೆಯ ಮೇಲೆ ಕೂತು ನಾನು ದೀಪದ ಕಥೆ ಹೇಳಿದೆ. ಸಭೆಯೆಲ್ಲ ಎದ್ದು ನಿಂತದ್ದು, ಹೂವಿಟ್ಟದ್ದು, ಮಾಗ್ದಾ ಅತ್ತದ್ದು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸುಳ್ಳು ಸಾವಿನ ಸುದ್ದಿ ಹುಟ್ಟಿದರೆ ಆಯುಷ್ಯ ಬೆಳೆಯುತ್ತದೆ, ಇನ್ನು ನನಗೆ ಚಿಂತೆಯಿಲ್ಲ ಎಂದಳು. ನಾನೂ ನಕ್ಕೆ. ಇಷ್ಟಕ್ಕೇ ಮುಗಿದರೆ ಸಾಕಪ್ಪಾ ಎಂದು ಒಳಗೊಳಗೇ ಬೇಡಿಕೊಂಡೆ.

ನಗು ನಿಂತ ಮೇಲೆ ಆಕೆ ಕಣ್ಣೊರೆಸಿಕೊಂಡು, ನನ್ನ ಮುಖ ನೋಡದೆ ಕೇಳಿದಳು.

‘ಬಾಯಾರ, ಆ ಮಂದಿ ಒಂದ ತಿಂಗಳು ತಡೀಲಿಕ್ಕಿ ಆಗೂದಿಲ್ಲ ಅಂದ್ರೇನ್ರಿ?’

ಹೌದು ಎನ್ನಬಹುದಿತ್ತು. ಆಕೆ ನಂಬುತ್ತಿದ್ದಳು. ದೊಡ್ಡ ಮಂದಿ ತನಗಾಗಿ ಕಾಯುವುದಿಲ್ಲ ಎಂದು ಮೊದಲೇ ನಂಬಿ ಕೂತಿದ್ದಳು. ಆ ಸುಳ್ಳು ಹೇಳಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ಆದರೆ ಎಷ್ಟೋ ಮದುವೆಯಲ್ಲಿ ನನ್ನ ಎದುರಿಗೆ ಕೂತ ಹೆಂಗಸು ಅವಳು. ಅವಳ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೊರಡಲಿಲ್ಲ.

‘ಅವರು ಅನ್ನಲಿಲ್ಲಕ್ಕ. ನಾವೇ ಕೇಳಲಿಲ್ಲ.’

ಆಕೆ ತಲೆಯಾಡಿಸಿದಳು. ಬಸ್ಸು ಬಂತು. ಜನ ನುಗ್ಗಿದರು. ಆಕೆ ಗಂಟು ಬಗಲಿಗೆ ಇಟ್ಟುಕೊಂಡು ಎದ್ದಳು. ಮೆಟ್ಟಿಲ ಹತ್ತಿರ ಹೋದವಳು ತಿರುಗಿ ನಿಂತಳು. ಸಿಟ್ಟಿರಲಿಲ್ಲ, ನನಗೆ ಯಾವುದೋ ಸಂಗತಿ ತಿಳಿಸುವಂತೆ ಹೇಳಿದಳು.

‘ಈ ಮದಿವಿಗಿ ಬರೂದಕ್ಕ ನಾ ನಮ್ಮ ಮೇಸ್ತ್ರಿಗಿ ಸುಟ್ಟಿ ಕೇಳಿದ್ದೆ ಬಾಯಾರ. ಸ್ಲ್ಯಾಬ್ ಹಾಕೂದು ಇತ್ತು, ಬಿಡೂದಿಲ್ಲ, ಕೆಲಸದಿಂದ ತೆಗೀತಾನ ಅಂತ ಎಲ್ರೂ ಅಂಜಿಸಿದ್ರು. ಆದ್ರೂ ಕೇಳಿದೆ ನೋಡ್ರಿ. ಹೋಗಿ ಬಾ ಅಂದ.’

ಆಕೆ ಹತ್ತಿದಳು. ಸೀಟು ಸಿಗಲಿಲ್ಲ, ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತಳು. ಬಸ್ಸು ಬೀದರಿನ ರಸ್ತೆ ಹಿಡಿಯಿತು.